ಲೂಸಿಯೆನ್ ಸಾಹೇಬರಿಗೆ ಸಾಲು ಕೊಟ್ಟ ಚಳಿಗಾಲ

ಆಗ ನನಗೆ ಅರವತ್ತೇಳು. ಈಗ ಎಪ್ಪತ್ನಾಲ್ಕು. ಏಳು ವರ್ಷದ ಹಿಂದಿನ ಮಾತು.

ಮೊನ್ನೆ ಇಲ್ಲಿ, ನೋವೈ ಎಂಬ ಈ ಊರಲ್ಲಿ, ಮೊದಲ ಹಿಮ ಬಿತ್ತು. ಅಳಿಯ ಅಂಗಡಿಯಿಂದ ಹಿಮ ಎತ್ತುವ ಹೊಸ ಸಲಿಕೆ ತಂದು ಗ್ಯಾರೇಜಿನ ಗೋಡೆಗೆ ಒರಗಿಸಿದ. ಹಿಡಿಕೆ ಪ್ಲಾಸ್ಟಿಕ್ಕಿನದು. ಯಾರೂ ಇಲ್ಲದಾಗ ಕೈಗೆತ್ತಿಕೊಂಡು ನೆಲಕ್ಕೆ ಮೂರು ಸಲ ಕುಟ್ಟಿ ನೋಡಿದೆ. ಸದ್ದೇ ಬರಲಿಲ್ಲ. ಮರದ ಹಿಡಿಕೆಯಾದರೆ ಆ ಮಾತೇ ಬೇರೆ. ಅಲ್ಲಿಂದ ಆ ಚಳಿಗಾಲ ತಲೆಯಲ್ಲಿ ಕೂತಿದೆ. ಬರೆದುಬಿಟ್ಟರೆ ಇಳಿದೀತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆಯಲು ಹೊತ್ತು ಹಿಡಿಯುತ್ತದೆ, ಅಷ್ಟೇ.

ಆಗ ನಾವಿದ್ದದ್ದು ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ. ಮಗಳು ಶಮೀಮ ಮನೆಯಲ್ಲೇ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುವ ವ್ಯಾಪಾರ ಇಟ್ಟಿದ್ದಳು. ನನ್ನ ಪಾಲಿಗೆ ಬೆಳ್ಳುಳ್ಳಿ ಸುಲಿಯುವುದು, ಕೊತ್ತಂಬರಿ ಸೋಸುವುದು, ಅದು ಹೀಗಲ್ಲ ಹಾಗೆ ಎಂದು ಅವಳ ಜೊತೆ ಜಗಳವಾಡುವುದು. ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಸೊಲೆನ್ ಎಂಬ ಫ್ರಾನ್ಸಿನ ಹೆಣ್ಣುಮಗಳಿದ್ದಳು. ಓಕ್ ಬ್ರೂಕ್‌ನಲ್ಲಿ ಆಫೀಸು. ನಮ್ಮಲ್ಲಿ ಡಬ್ಬಿ ತೆಗೆದುಕೊಳ್ಳುತ್ತಿದ್ದಳು. ಅವಳ ತಂದೆ ಲೂಸಿಯೆನ್, ಎಂಬತ್ತಮೂರು ವರ್ಷ, ಅವಳ ಜೊತೆಗೇ ಇದ್ದರು. ಆ ಅಕ್ಟೋಬರಿನಲ್ಲಿ ಅವರು ಒಲೆ ಹೊತ್ತಿಸಿ ಮರೆತರು. ಅದಾದ ವಾರಕ್ಕೆ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ನಡೆದುಕೊಂಡು ಫ್ರೀವೇ ಹತ್ತುವ ದಾರಿಯವರೆಗೂ ಹೋಗಿಬಿಟ್ಟಿದ್ದರು. ಪೊಲೀಸರು ಕರೆತಂದರು. ಹಗಲು ಅವರ ಜೊತೆ ಕೂರುವವರು ಯಾರಾದರೂ ಇದ್ದಾರೆಯೇ ಎಂದು ಸೊಲೆನ್ ಕೇಳಿದಾಗ ಶಮೀಮ ನನ್ನ ಮುಖ ನೋಡಿದಳು.

"ಅಮ್ಮೀ, ಇಲ್ಲಿ ಕುಂತು ನನ್ ಜೋಡಿ ಜಗಳ ಆಡೋದಕ್ಕಿಂತ ಅಲ್ಲಿ ಹೋಗಿ ಕುಂದ್ರು. ಆ ಮುದುಕಗ ನಿನ್ ಮಾತು ತಿಳಿಯೂದಿಲ್ಲ, ನಿನಗ ಅವನ ಮಾತು ತಿಳಿಯೂದಿಲ್ಲ. ಜಗಳ ಆಗಂಗಿಲ್ಲ."

ಅವಳ ಲೆಕ್ಕ ತಪ್ಪಿತು. ಮೊದಲ ದಿನವೇ ಜಗಳವಾಯಿತು. ಅವರ ಇಂಗ್ಲಿಷು ಮುರುಕು, ನನ್ನದು ಇನ್ನೂ ಮುರುಕು, ಆದರೂ ಜಗಳಕ್ಕೆ ಸಾಕಾಗುವಷ್ಟು ಇಬ್ಬರಲ್ಲೂ ಇತ್ತು. ಅವರ ಮಾತನ್ನು ನಾನಿಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತೇನೆ. ತಾನು ನಟ ಎಂದರು. ನಟನೆ ಸರಿ, ಕೆಲಸ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಿದೆ. ಅಣಕವಾಡಲಿಲ್ಲ, ನಿಜವಾಗಿಯೇ ಕೇಳಿದ್ದು. ನನ್ನ ಗಂಡ ಲಕ್ಷ್ಮೇಶ್ವರದಲ್ಲಿ ದರ್ಜಿಯಾಗಿದ್ದರು. ಹೊಲಿದ ಅಂಗಿ ಕಣ್ಣಿಗೆ ಕಾಣುತ್ತದೆ. ಬಣ್ಣ ಹಚ್ಚಿಕೊಂಡು ಇನ್ನೊಬ್ಬರ ಹಾಗೆ ಮಾತಾಡುವುದು ಎಂಥ ದುಡಿಮೆ? ಅವರು ಎರಡು ದಿನ ನನ್ನ ಕೈಯ ಗುಳಿಗೆ ನುಂಗಲಿಲ್ಲ.

ಮೂರನೇ ದಿನ ಈರುಳ್ಳಿ ಹುರಿಯುತ್ತಿದ್ದೆ. ಹಿಂದೆ ಬಂದು ನಿಂತು, ಬೆಂಕಿ ಜಾಸ್ತಿಯಾಯಿತು, ಬೆಣ್ಣೆಯಲ್ಲಿ ಒಂದು ತಾಸು ಹುರಿಯಬೇಕು ಎಂದರು. ಒಂದು ತಾಸು ಈರುಳ್ಳಿ ಕೆದಕುವ ಪುರುಸೊತ್ತು ಯಾರಿಗಿದೆ ಎಂದೆ. ನಮ್ಮಿಬ್ಬರಿಗೂ ಇದೆ ಎಂದರು. ಅದು ನಿಜವಿತ್ತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹಿಮ ಕರಗಲೆಂದು ಉಪ್ಪು ಚೆಲ್ಲುವ ಲಾರಿ ಬಿಟ್ಟರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಹಾಗೆ ಈರುಳ್ಳಿ ಕೆದಕುತ್ತ, ಬೇಳೆ ಆರಿಸುತ್ತ, ಅವರ ಬದುಕನ್ನು ನಾನು ಕೇಳಿಸಿಕೊಂಡೆ.

ಫ್ರಾನ್ಸಿನ ಉತ್ತರಕ್ಕೆ, ಕಲ್ಲಿದ್ದಲು ತೆಗೆಯುವ ಒಂದು ಊರು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ, ಸಿಗ್ನಲ್ ದೀಪ ಹಚ್ಚುವುದು. ಹದಿನೇಳಕ್ಕೆ ಇವರು ಊರೂರು ತಿರುಗುವ ಒಂದು ನಾಟಕ ಮಂಡಳಿಯ ಹಿಂದೆ ಹೋದರು. ಪೆಟ್ಟಿಗೆ ಹೊತ್ತರು, ಮೊಳೆ ಹೊಡೆದರು. ಆಮೇಲೆ ಆಳಿನ ಪಾತ್ರ ಸಿಕ್ಕಿತು. "ಊಟ ಸಿದ್ಧವಾಗಿದೆ, ದೊರೆಯೇ" ಎಂಬ ಒಂದೇ ಮಾತು. ನಾಟಕ ಬೇರೆ ಬೇರೆ, ಮಾತು ಅದೇ. ಹನ್ನೊಂದು ವರ್ಷ ಅದನ್ನೇ ಹೇಳಿದರಂತೆ. ನಾನು ದಿನಾ ಮಧ್ಯಾಹ್ನ ತಟ್ಟೆ ಇಡುವಾಗ ಅದನ್ನೇ ಹೇಳತೊಡಗಿದೆ. ಅವರು ಕೈ ಬೀಸಿ ನನ್ನನ್ನು ಹೋಗೆನ್ನುತ್ತಿದ್ದರು, ಥೇಟು ದೊರೆಯ ಹಾಗೆ.

ನಲವತ್ತು ದಾಟಿದ ಮೇಲೆ ಸಿನಿಮಾ ಸಿಕ್ಕಿತು. ದಣಿದ ಪೊಲೀಸನ ಮುಖ ಹುಡುಕುತ್ತಿದ್ದವರಿಗೆ ಇವರ ಮುಖ ಸಿಕ್ಕಿತಂತೆ. ಅಲ್ಲಿಂದ ಹತ್ತಿಪ್ಪತ್ತು ವರ್ಷ ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು. ನಾಯಕ ಅಲ್ಲ, ನಾಯಕನ ಪಕ್ಕದವನು. ಅದಕ್ಕೇ ಹೆಚ್ಚಿನ ಸಿನಿಮಾದಲ್ಲಿ ಸಾಯುವುದು ಇವರ ಪಾಲಿಗೆ ಬರುತ್ತಿತ್ತು. ಗುಂಡಿಗೆ, ನೀರಿಗೆ, ವಿಷಕ್ಕೆ, ಮೆಟ್ಟಿಲಿಂದ ಉರುಳಿ. ಮೆಟ್ಟಿಲಿಂದ ಉರುಳುವಾಗ ಹೆಂಡತಿ ಕೋಟಿನ ಒಳಗೆ ಹತ್ತಿ ತುಂಬಿ ಹೊಲಿದುಕೊಟ್ಟಿದ್ದಳಂತೆ. ಮಂಡಳಿಯ ಬಟ್ಟೆ ನೋಡಿಕೊಳ್ಳುವವಳು ಅವಳೇ. ಅದನ್ನು ಕೇಳಿ ಆ ಹೆಂಗಸಿನ ಬಗ್ಗೆ ನನಗೆ ಮರ್ಯಾದೆ ಬಂತು.

"ನಾನು ಇಪ್ಪತ್ತಾರು ಸಲ ಸತ್ತಿದ್ದೇನೆ. ಅವಳು ಒಂದೇ ಸಲ. ಅದೂ ಸರಿಯಾಗಿ," ಎಂದರು.

ಅವಳು ಹೋದ ಮೇಲೆಯೇ ಮರೆವು ಶುರುವಾದದ್ದು. ಹಳೆಯದೆಲ್ಲ ನೆನಪು, ನಿನ್ನೆಯದು ಇಲ್ಲ. ನನ್ನ ಹೆಸರು ಹಸೀನಾ ಎಂದು ದಿನಾ ಬೆಳಿಗ್ಗೆ ಹೇಳಬೇಕಿತ್ತು. ಹೇಳುತ್ತಿದ್ದೆ.

ಜನವರಿಯ ಒಂದು ಭಾನುವಾರ ಸೊಲೆನ್ ನನ್ನನ್ನೂ ಕರೆದು ಕೂರಿಸಿ ಮೇಜಿನ ಮೇಲೆ ಬಣ್ಣದ ಕಾಗದವೊಂದನ್ನು ಇಟ್ಟಳು. ಮರೆವಿನ ಮುದುಕರನ್ನು ಇಟ್ಟುಕೊಳ್ಳುವ ಒಂದು ಹೋಮ್. ಮೇ ತಿಂಗಳಲ್ಲಿ ಒಂದು ಕೋಣೆ ಖಾಲಿಯಾಗುತ್ತದೆ, ಹೆಸರು ಬರೆಸಿದ್ದೇನೆ ಎಂದಳು, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ. ಅವಳನ್ನು ನಾನು ದೂರುವುದಿಲ್ಲ. ಆಫೀಸಿನಲ್ಲಿ ಕೂತು ಫೋನು ಬಂದಾಗಲೆಲ್ಲ ಎದೆ ಹಿಡಿದುಕೊಳ್ಳುವ ಕಷ್ಟ ಅವಳಿಗೆ ಗೊತ್ತು. ಸಾಹೇಬರು ಆ ಕಾಗದ ಮುಟ್ಟಲಿಲ್ಲ. ಒಂದು ಪಂಥ ಕಟ್ಟಿದರು. ನಮ್ಮೂರಿನ ಲೈಬ್ರರಿಯಲ್ಲಿ ಫ್ರೆಂಚ್ ಕಲಿಯುವವರ ಗುಂಪೊಂದು ಸೇರುತ್ತಿತ್ತು. ಒಂದು ದಿನ ಬಂದು ಏನಾದರೂ ಆಡಿ ತೋರಿಸಿ ಎಂದು ಆ ಗುಂಪಿನವರು ಸಾಹೇಬರನ್ನು ಕೇಳಿದ್ದರು.

"ಏಪ್ರಿಲ್‌ನಲ್ಲಿ ಇಪ್ಪತ್ತು ನಿಮಿಷ ನಿಂತು ಆಡ್ತೇನೆ. ಕೊನೇತನಕ ಆಡಿದರೆ ನಾನು ಈ ಮನೆಯಲ್ಲೇ ಇರ್ತೇನೆ. ನಡುವೆ ನಿಂತುಹೋದರೆ ನನ್ನ ಪೆಟ್ಟಿಗೆ ನಾನೇ ಕಟ್ತೇನೆ."

ಸೊಲೆನ್ ಕಣ್ಣು ಮುಚ್ಚಿಕೊಂಡು, ಆಗಲಿ ಎಂದಳು. ನನ್ನದೂ ನಿಜ ಹೇಳುತ್ತೇನೆ. ಅವರು ಹೋಮ್ ಸೇರಿದರೆ ನಾನು ಮತ್ತೆ ಶಮೀಮಳ ಅಡುಗೆಮನೆಗೆ, ಬೆಳ್ಳುಳ್ಳಿಗೆ. ಹಾಗಾಗಿ ನನಗೂ ಅವರು ಗೆಲ್ಲಬೇಕಿತ್ತು.

ಆಡಬೇಕಾದದ್ದು ಅವರ ಸ್ನೇಹಿತನೊಬ್ಬ ಹಿಂದೆಂದೋ ಬರೆದುಕೊಟ್ಟದ್ದು. ರೈಲು ನಿಂತುಹೋದ ಸ್ಟೇಷನ್ನಿನಲ್ಲಿ ಒಬ್ಬ ಮುದುಕ ದೀಪ ಹಚ್ಚುತ್ತ, ಬಾರದ ರೈಲಿನ ಜೊತೆ ಮಾತಾಡುತ್ತಾನೆ. ಒಬ್ಬನೇ. ಕಾಗದ ನೋಡಿ ಓದಿದರೆ ಚೆನ್ನಾಗಿಯೇ ಓದುತ್ತಿದ್ದರು. ಕಾಗದ ಕೆಳಗಿಟ್ಟರೆ ಐದನೇ ಸಾಲಿಗೆ ನಿಲ್ಲುತ್ತಿದ್ದರು. ನಾಟಕದಲ್ಲಿ ಮರೆಯಲ್ಲಿ ಕೂತು ಸಾಲು ಎತ್ತಿಕೊಡುವ ಒಬ್ಬ ಮನುಷ್ಯ ಇರುತ್ತಾನೆ, ಅದು ಮೋಸವಲ್ಲ, ನಾನೇ ಮೂರು ವರ್ಷ ಆ ಕೆಲಸ ಮಾಡಿದ್ದೇನೆ ಎಂದರು. ಆದರೆ ಅಂಥವನು ಬೇಕಲ್ಲ. ಸೊಲೆನ್‌ಗೆ ಹಗಲು ಆಫೀಸು. ಕಾಗದವನ್ನು ನನ್ನ ಮುಂದೆ ಹಿಡಿದರು. ನನಗೆ ಇಂಗ್ಲಿಷ್ ಅಕ್ಷರವೇ ಬಾರದು, ಫ್ರೆಂಚ್ ಎಲ್ಲಿಂದ ಬರಬೇಕು? ಅವರು ಮುಖ ಇಳಿಬಿಟ್ಟು ಕೂತರು.

"ನೀವು ಓದ್ರಿ, ನಾ ಕಲೀತೀನಿ," ಎಂದೆ.

"ಅರ್ಥ ಗೊತ್ತಿಲ್ಲದೆ?"

"ಅರ್ಥ ಯಾರಿಗೆ ಬೇಕಾಗ್ಯದ?"

ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಬಡೀಬಿ ಎಂಬ ಮುದುಕಿ ನಮಗೆ ಕುರಾನ್ ಕಲಿಸುತ್ತಿದ್ದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ನಮಗೆ ಅರಬ್ಬಿ ತಿಳಿಯುತ್ತಿರಲಿಲ್ಲ. ಅವಳು ಒಂದು ತುಣುಕು ಹೇಳುವುದು, ನಾವು ಹತ್ತು ಮಂದಿ ಹಿಂದೆ ಮುಂದೆ ತೂಗುತ್ತ ಅದನ್ನೇ ಹೇಳುವುದು. ಎಲ್ಲಿ ಉಸಿರು ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು, ಎಲ್ಲಾ ಕಿವಿಯಿಂದಲೇ. ಯಾರಾದರೂ ನಿಂತರೆ ಕೂಡಲೇ ಮುಂದಿನ ಮಾತು ಎತ್ತಿಕೊಡುತ್ತಿದ್ದಳು. ಎತ್ತಿಕೊಟ್ಟರೂ ಬಾರದಿದ್ದರೆ, ಹಿಂದಿನ ಸಾಲಿಗೆ ಹೋಗಿ ಅಲ್ಲಿಂದ ಓಡಿ ಬಾ ಎನ್ನುತ್ತಿದ್ದಳು. ಆ ಓದು ಬೇರೆ, ಈ ನಾಟಕ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ನಾನು ಹಾಕುವುದಿಲ್ಲ. ಕಲಿಯುವ ಬಗೆ ಮಾತ್ರ ನನಗೆ ಗೊತ್ತಿರುವುದು ಅದೊಂದೇ.

ದಿನಕ್ಕೆ ಮೂರು ಸಾಲು. ಅವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಬೇಳೆಯ ತಟ್ಟೆ ಮುಂದಿಟ್ಟುಕೊಂಡು ತೂಗುತ್ತ ಹೇಳುವುದು. ಫೆಬ್ರವರಿಗೆ ಅರ್ಧ ಬಂತು. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಬಾಯಲ್ಲಿ ಅದೇ. ಮೊಮ್ಮಗಳು ಅಫ್ರೀನ್ ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಿದ್ದಳು. ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾನಿ, ಯು ಆರ್ ಸ್ವೇರಿಂಗ್!" ನಾನು ಬೈಗುಳ ಆಡುತ್ತಿದ್ದೇನಂತೆ.

ಏನಾಗಿತ್ತೆಂದರೆ, ಒಂದು ಸಾಲು ಹೇಳಿಕೊಡುವಾಗ ಸಾಹೇಬರ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿದ್ದಿತ್ತು. ಹಾಳಾದ ಕನ್ನಡಕ ಎಲ್ಲಿ ಹೋಯಿತು ಎಂದು ಅವರು ಬೈದುಕೊಂಡು, ಹುಡುಕಿ, ಮತ್ತೆ ಓದಿದ್ದರು. ಬೈಗುಳ ಯಾವುದು ನಾಟಕ ಯಾವುದು ನನಗೆ ತಿಳಿಯಬೇಕಲ್ಲ. ಬೈಗುಳವನ್ನೂ ಅದೇ ರಾಗದಲ್ಲಿ ಕಲಿತುಬಿಟ್ಟಿದ್ದೆ. ಅವರು ಕೆಮ್ಮಿದ ಕಡೆ ನಾನೂ ಕೆಮ್ಮುತ್ತಿದ್ದೆನಂತೆ. ಮರುದಿನ ಅವರಿಗೆ ಹೇಳಿದರೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಅದನ್ನು ತೆಗೆದುಹಾಕು ಎಂದರು. ತೆಗೆಯಲು ಅದೇನು ಅಂಗಿಯ ಗುಂಡಿಯೇ? ಹಾಗೆ ಕಲಿತದ್ದು ಮುಂಚಿನ ಸಾಲಿಗೂ ಮುಂದಿನ ಸಾಲಿಗೂ ಅಂಟಿಕೊಂಡಿರುತ್ತದೆ. ಆ ಜಾಗ ಬಂದಾಗ ನಾಲಿಗೆ ಕಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ತೊಡಕು ನನ್ನ ಅವಸರ. ಅವರು ನಿಂತ ಕೂಡಲೇ ನಾನು ಮುಂದಿನ ಮಾತು ಕೊಟ್ಟುಬಿಡುತ್ತಿದ್ದೆ, ಬಡೀಬಿಯ ಹಾಗೆ. ಅವರಿಗೆ ಸಿಟ್ಟು ಬರುತ್ತಿತ್ತು.

"ಹಸೀನಾ, ನಾನು ಮರೆತು ಸುಮ್ಮನಾಗಿದ್ದಲ್ಲ. ಸುಮ್ಮನಿರೋದೂ ಆಟವೇ. ಆ ಮೌನ ನನ್ನದು, ಅದನ್ನ ಕಿತ್ಕೋಬೇಡ."

"ಮತ್ತ ಮರೆತಿದ್ದು ಯಾವುದು, ಆಟ ಯಾವುದು, ನನಗ ಹೆಂಗ ಗೊತ್ತಾಗಬೇಕ್ರಿ?"

ಯೋಚಿಸಿ ಒಂದು ಗುರುತು ಮಾಡಿದರು. ಬಲಗೈ ಕೋಟಿನ ಜೇಬಲ್ಲಿದ್ದರೆ ಮೌನ ಅವರದು. ಕೈ ಹೊರಗೆ ಬಂದರೆ ಸಾಲು ಕೊಡಬೇಕು.

ಮಾರ್ಚ್ ಕೊನೆಗೆ ಹಿಮ ಕರಗಿ ರಸ್ತೆ ಬದಿಯಲ್ಲಿ ಕಪ್ಪು ಗುಡ್ಡೆಯಾಗಿ ಉಳಿಯಿತು. ಬಾತುಗಳು ಮರಳಿ ಬಂದು ಹುಲ್ಲೆಲ್ಲ ಹೊಲಸು ಮಾಡಿದವು. ನನಗೆ ಪೂರ್ತಿ ಬಾಯಿಗೆ ಬಂದಿತ್ತು. ಸಾಹೇಬರಿಗೆ ಒಂದು ದಿನ ಪೂರ್ತಿ ಬರುತ್ತಿತ್ತು, ಇನ್ನೊಂದು ದಿನ ನಾಟಕದ ಹೆಸರೂ ಬರುತ್ತಿರಲಿಲ್ಲ. ಆಗ ಅವರು ಗ್ಯಾರೇಜಿನಲ್ಲಿದ್ದ ಹಿಮದ ಸಲಿಕೆ ತರಿಸಿ, ಎರಡು ಸ್ಕ್ರೂ ಬಿಚ್ಚಿ, ಮರದ ಹಿಡಿಕೆಯನ್ನು ಬೇರೆ ಮಾಡಿಸಿದರು. ಅವರ ದೇಶದಲ್ಲಿ ಪರದೆ ಏಳುವ ಮೊದಲು ಮರೆಯಿಂದ ಒಂದು ಬಡಿಗೆಯಲ್ಲಿ ನೆಲಕ್ಕೆ ಮೂರು ಏಟು ಹಾಕುತ್ತಾರಂತೆ. ಬಡಿಗೆಗೆ ಕೆಂಪು ಬಟ್ಟೆ ಸುತ್ತಿರಬೇಕಂತೆ. ನನ್ನ ಹಳೆಯ ಪೆಟಿಕೋಟು ಕೆಂಪಗಿತ್ತು, ಹರಿದು ಸುತ್ತಿ ಹೊಲಿದೆ.

"ಮೂರನೇ ಏಟು ಬಿದ್ದ ಮೇಲೆ ನಟ ಹೊರಗೆ ಬರಲೇಬೇಕು. ಜ್ವರ ಇರಲಿ, ಮನೆಯಲ್ಲಿ ಹೆಣ ಇರಲಿ. ಬಾರದೆ ಇರೋ ಹಾಗಿಲ್ಲ," ಎಂದರು.

ಏಪ್ರಿಲ್‌ನ ಆ ಭಾನುವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮಡಿಸುವ ಕುರ್ಚಿ ಹಾಕಿದ್ದರು. ಐವತ್ತು ಜನ ಇರಬಹುದು. ಸೊಲೆನ್ ಮೊದಲ ಸಾಲಿನಲ್ಲಿ ಕೋಟು ತೆಗೆಯದೆ ಕೂತಿದ್ದಳು. ಶಮೀಮ ಸಮೋಸಾದ ತಟ್ಟೆಗಳನ್ನು ತಂದು ಹಿಂದೆ ಇಟ್ಟಿದ್ದಳು. ನಾನು ಮೂಲೆಯಲ್ಲಿ, ಬಟ್ಟೆ ಹೊದಿಸಿದ ಒಂದು ಹಲಗೆಯ ಹಿಂದೆ ನಿಂತೆ. ಅವರು ಬಂದು ನಿಂತರೆ ಬಲಗೈ ಸಂದಿಯಿಂದ ಕಾಣುವಂತಿತ್ತು. ಮೂರು ಏಟು ಹಾಕಿದೆ. ಮಾತಾಡುತ್ತಿದ್ದವರು ಗಪ್ಪಾದರು.

ಅವರು ಎಡಗೈಯಲ್ಲಿ ಲಾಟೀನು ಹಿಡಿದು ಬಂದರು. ಇದು ನನ್ನನ್ನು ದಿನಾ ಗುಳಿಗೆಗೆ ಸತಾಯಿಸುವ ಮುದುಕ ಅಲ್ಲ. ಬೆನ್ನು ಬಾಗಿದ್ದು ಬೇರೆ ಥರ, ನಡಿಗೆ ಬೇರೆ. ಆ ಹೊತ್ತಿಗೆ ನನಗೆ ತಿಳಿಯಿತು, ಇದೂ ದುಡಿಮೆಯೇ. ಕೋಟಿನೊಳಗೆ ಹತ್ತಿ ತುಂಬಿ ಹೊಲಿದ ಹಾಗೆ, ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟೇ.

ಹತ್ತು ನಿಮಿಷ ನೀರು ಹರಿದ ಹಾಗೆ ಹೋಯಿತು. ನಡುವೆ ಎರಡು ಸಲ ಸುಮ್ಮನಾದರು, ಕೈ ಜೇಬಲ್ಲೇ ಇತ್ತು. ನಾನು ಬಾಯಿ ಬಿಗಿಹಿಡಿದೆ. ಮೂರನೇ ಸಲ ಕೈ ಹೊರಗೆ ಬಂತು.

ಸಾಲು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಮತ್ತೆ ಕೊಟ್ಟೆ, ಸ್ವಲ್ಪ ಜೋರಾಗಿ. ನನ್ನ ಕಡೆ ತಿರುಗಿದರು. ಬೆಳಿಗ್ಗೆ ನಾನು ಹೆಸರು ಹೇಳುವ ಮೊದಲು ಹೇಗೆ ನೋಡುತ್ತಾರೋ ಹಾಗೆ ನೋಡಿದರು. ಸೊಲೆನ್ ಕುರ್ಚಿಯಿಂದ ಅರ್ಧ ಎದ್ದಳು. ಅವಳು ಪೂರ್ತಿ ಎದ್ದು ಬಂದು ಅವರ ಕೈ ಹಿಡಿದರೆ ಆಟ ಮುಗಿದಂತೆ. ಮೇ ತಿಂಗಳು, ಆ ಕೋಣೆ, ಪೆಟ್ಟಿಗೆ.

ಹಿಂದಿನ ಸಾಲಿಗೆ ಹೋಗಿ ಅಲ್ಲಿಂದ ಓಡಿ ಬಾ. ಬಡೀಬಿಯೇ ಕಿವಿ ಹಿಂಡಿದ ಹಾಗಾಯಿತು. ಪಿಸುಗುಟ್ಟುವುದನ್ನು ಬಿಟ್ಟು, ಹಿಂದಿನ ಸಾಲನ್ನು ಪೂರ್ತಿ ದನಿ ತೆಗೆದು ಹೇಳಿದೆ, ತೂಗುತ್ತ. ಓಡುವಾಗ ನಾಲಿಗೆ ಕಚ್ಚಿಕೊಳ್ಳುವುದು ಎಲ್ಲಿ ನೆನಪಿರುತ್ತದೆ? ಸಾಲಿನ ಬೆನ್ನಿಗೇ ಅದೂ ಬಂತು. ಹಾಳಾದ ಕನ್ನಡಕ ಎಲ್ಲಿ ಹೋಯಿತು. ಐವತ್ತು ಜನ ಕೇಳುವ ಹಾಗೆ, ಲಕ್ಷ್ಮೇಶ್ವರದ ಗಂಟಲಲ್ಲಿ.

ಯಾರೋ ಕಿಸಕ್ಕೆಂದರು. ನನ್ನ ಕಿವಿ ಕಾದವು. ಕೆಡಿಸಿದೆ, ನಾನೇ ಕೆಡಿಸಿದೆ ಎಂದುಕೊಂಡೆ.

ಸಾಹೇಬರ ಕೈ ಮೆಲ್ಲಗೆ ಮೇಲೆದ್ದು ಮೂಗು ಮುಟ್ಟಿತು. ಕನ್ನಡಕ ಇರಲಿಲ್ಲ. ಹಣೆ ಮುಟ್ಟಿದರು, ಅಲ್ಲೂ ಇಲ್ಲ. ಕೋಟಿನ ಜೇಬು ತಟ್ಟಿದರು, ಪ್ಯಾಂಟಿನ ಜೇಬು ತಟ್ಟಿದರು. ಜನ ಜೋರಾಗಿ ನಗತೊಡಗಿದರು. ಒಳಗಿನ ಕೋಣೆಯಿಂದ ಬೈಯುತ್ತಿರುವ ಹೆಂಡತಿಗೆ ಹೇಳುವ ಹಾಗೆ ನನ್ನ ಕಡೆ ಮುಖ ಮಾಡಿ ಏನೋ ಗೊಣಗಿದರು. ನಾಟಕದಲ್ಲಿ ಹೆಂಡತಿಯೇ ಇಲ್ಲ. ನನ್ನನ್ನು ನೋಡಿದ ಆ ಕಣ್ಣು ಬದಲಾಗಿತ್ತು, ನಾನು ಯಾರೆಂದು ಅವರಿಗೆ ಗೊತ್ತಿತ್ತು. ಆಮೇಲೆ ಬಲಗೈಯನ್ನು ಜೇಬಿಗೆ ಹಾಕಿಕೊಂಡು, ನಾನು ಕೊಟ್ಟಿದ್ದ ಸಾಲನ್ನು ಎತ್ತಿಕೊಂಡು ಮುಂದೆ ಹೋದರು.

ಇನ್ನೂ ನಾಲ್ಕು ಸಲ ಕೈ ಹೊರಗೆ ಬಂತು. ನಾಲ್ಕು ಸಲವೂ ನಾನು ದನಿ ತೆಗೆದು ಹಿಂದಿನ ಸಾಲು ಹೇಳಿದೆ, ಅವರು ಮುಂದಿನದನ್ನು ಹೇಳಿದರು. ಕೊನೆಗೆ ಲಾಟೀನು ಆರಿಸಿ ನಿಂತಾಗ ಜನ ಎದ್ದು ಚಪ್ಪಾಳೆ ಹೊಡೆದರು. ಮರೆಯಲ್ಲಿರುವ ಹೆಂಗಸೂ ಹೊರಗೆ ಬರಲಿ ಎಂದು ಕೂಗಿದರು. ನಾನು ಹೋಗಲಿಲ್ಲ. ಕಾಲು ನೋಯುತ್ತಿತ್ತು.

ಆಮೇಲೆ ಸಮೋಸಾದ ಮೇಜಿನ ಹತ್ತಿರ ಸೊಲೆನ್ ಅಪ್ಪನ ಮುಂದೆ ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ನಿಂತುಹೋದ್ರಿ, ಪಾಪಾ. ನಾನು ನೋಡಿದೆ," ಎಂದಳು.

"ನಿಂತೆ. ಮತ್ತೆ ಹೊರಟೆ. ಪಂಥ ಕೊನೇತನಕ ಆಡೋದಕ್ಕೆ ತಾನೇ?"

ಸೊಲೆನ್ ನನ್ನ ಕಡೆ ತಿರುಗಿ, ಮೇ ತಿಂಗಳ ಮೇಲೂ ಬರುತ್ತೀಯಾ, ದಿನಾ, ಸಂಜೆಯ ತನಕ, ಎಂದು ಕೇಳಿದಳು. ಶಮೀಮ ಕಾಗದದ ತಟ್ಟೆ ಜೋಡಿಸುತ್ತ ನಡುವೆ ಬಾಯಿ ಹಾಕಿದಳು.

"ಕರ್ಕೊಂಡ್ ಹೋಗ್ರಿ, ಆಂಟಿ. ನಮ್ಮ ಮನ್ಯಾಗ ಅಕಿ ಬೈಗುಳ ಈಗ ಮೂರು ಭಾಷೆದಾಗ ನಡದಾವ."

ಸೊಲೆನ್‌ಗೆ ಕನ್ನಡ ತಿಳಿಯಲಿಲ್ಲ, ನನ್ನ ಮುಖ ನೋಡಿದಳು. ಬರುತ್ತೇನೆ ಎಂದು ತಲೆಯಾಡಿಸಿದೆ. ಹೋಮ್‌ಗೆ ಫೋನ್ ಮಾಡಿ ಕೋಣೆ ಬೇಡವೆಂದು ಹೇಳಲು ಅವಳು ಅಲ್ಲಿಂದಲೇ ಹೊರಗೆ ಹೋದಳು. ಭಾನುವಾರ ಯಾರೂ ಎತ್ತಲಿಲ್ಲ, ಸಂದೇಶ ಬಿಟ್ಟು ಬಂದಳಂತೆ.

ಆಮೇಲೆ ಸಾಹೇಬರು ಮೂರು ವರ್ಷ ಆ ಮನೆಯಲ್ಲೇ ಇದ್ದರು. ಇನ್ನೂ ಎರಡು ಸಲ ಲೈಬ್ರರಿಯಲ್ಲಿ ಆಡಿದರು, ಎರಡೂ ಸಲ ಜನ ಹೆಂಡತಿಯ ಬೈಗುಳಕ್ಕೆ ಕಾಯುತ್ತಿದ್ದರು, ಅದನ್ನು ನಾಟಕದಲ್ಲೇ ಸೇರಿಸಿಬಿಟ್ಟಿದ್ದೆವು. ಇಪ್ಪತ್ತೇಳನೆಯ ಸಲ ಸತ್ತದ್ದು ಸ್ವಂತ ಹಾಸಿಗೆಯಲ್ಲಿ, ನಾನು ಅಡುಗೆಮನೆಯಲ್ಲಿ ಈರುಳ್ಳಿ ಕೆದಕುತ್ತಿದ್ದಾಗ. ಅದಾದ ಮೇಲೆ ಅಳಿಯನಿಗೆ ಈ ಕಡೆ ಕೆಲಸ ಸಿಕ್ಕಿ ನಾವು ನೋವೈಗೆ ಬಂದೆವು. ಅದನ್ನೆಲ್ಲ ಬರೆಯಲು ಕೂತಿಲ್ಲ. ಆ ಒಂದು ಚಳಿಗಾಲದ್ದು ಹೇಳುತ್ತಿದ್ದೆ, ಅದಕ್ಕೆ ಇನ್ನೊಂದು ಬೆಳಗು ಉಳಿದಿದೆ.

ಲೈಬ್ರರಿಯಿಂದ ಬಂದ ಮರುದಿನ ಎದ್ದು ನೋಡಿದರೆ ಏಪ್ರಿಲ್‌ನಲ್ಲೂ ಹಿಮ ಬಿದ್ದಿತ್ತು, ಮೊಣಕಾಲಿಗೆ ಸ್ವಲ್ಪ ಕಡಿಮೆ. ಅವರ ಮನೆಗೆ ಹೋದಾಗ ಸೊಲೆನ್‌ಳ ಕಾರು ಆಗಲೇ ಹೋಗಿತ್ತು. ನಾನು ಗ್ಯಾರೇಜಿನ ಬಾಗಿಲು ತೆಗೆಯುವ ನಂಬರು ಒತ್ತಿ ಒಳಗೆ ಹೋಗಿ, ಹಿಡಿಕೆಯನ್ನು ಸಲಿಕೆಗೆ ಮತ್ತೆ ಕೂರಿಸಿ, ಎರಡು ಸ್ಕ್ರೂ ಬಿಗಿ ಮಾಡಿದೆ. ಕೆಂಪು ಬಟ್ಟೆ ಬಿಚ್ಚಲಿಲ್ಲ, ಕೈ ಜಾರದಂತೆ ಹಿಡಿಯಲು ಅನುಕೂಲವಿತ್ತು. ಕಾರು ನಿಲ್ಲುವ ಜಾಗದಿಂದ ಬಾಗಿಲ ತನಕ ಹಿಮ ಎತ್ತಿ ದಾರಿ ಮಾಡಿದೆ, ಉಪ್ಪು ಚೆಲ್ಲಿದೆ. ಬೆಲ್ ಒತ್ತಿದೆ, ಬರಲಿಲ್ಲ. ಕಿಟಕಿಯಿಂದ ನೋಡಿದರೆ ಕುರ್ಚಿಯಲ್ಲಿ ಕೂತಿದ್ದರು, ಯಾರ ಮನೆಗೋ ಬಂದವರ ಹಾಗೆ. ಸಲಿಕೆಯನ್ನು ತಲೆಕೆಳಗು ಮಾಡಿ, ಅವರ ಬಾಗಿಲ ಕಲ್ಲಿಗೆ ಮೂರು ಏಟು ಹಾಕಿದೆ.